ಅರ್ಧ ಚಮಚ

ಶಿನಾನೊ ಬೆಟ್ಟದ ನಮ್ಮ ಕಣಿವೆಯಲ್ಲಿ
ಹೃದಯ ನಿಲ್ಲುತ್ತಿದ್ದುದು ಜನವರಿಯಲ್ಲಿ.
ಬೆಳಗಿನ ಜಾವ, ಬೆಚ್ಚಗಿನ ಹಾಸಿಗೆಯಿಂದೆದ್ದು
ಹಿತ್ತಿಲ ಕಕ್ಕಸಿಗೆ ಹೋಗುವ ಹನ್ನೆರಡು ಹೆಜ್ಜೆಯೊಳಗೆ.
ಜಾರುಬಂಡಿಯಲ್ಲಿ ಹೆಣ ಎಳೆದೊಯ್ಯುವಾಗ
"ಚಳಿ ತಿಂದುಬಿಟ್ಟಿತು" ಅನ್ನುತ್ತಿದ್ದರು ಹಿರಿಯರು.
ಚಳಿಯ ಮೇಲೆ ಹೊರಿಸಿದರೆ ಚಳಿ ಮರುಮಾತಾಡುವುದಿಲ್ಲ.

ಆಮೇಲೆ ಪಟ್ಟಣದಿಂದ ಡಾಕ್ಟರು ಬಂದರು.
ಶಾಲೆಯ ಕರಿಹಲಗೆಯ ಮೇಲೆ ನಮ್ಮ ಊಟ ಬರೆದರು:
ಅಕ್ಕಿ, ಸೋಯಾ, ಮೂಲಂಗಿ, ಕಡಲಪಾಚಿ, ಒಣಮೀನು.
"ಇದಕ್ಕಿಂತ ಒಳ್ಳೆಯ ಊಟ ನಾನು ಕಂಡಿಲ್ಲ" ಅಂದರು. ನಾವು ಬೀಗಿದೆವು.
"ಆದರೆ" ಅಂದು, ಕೆಳಗೆ ಇನ್ನೊಂದು ಪದ ಬರೆದರು.
ಸೀಮೆಸುಣ್ಣದ್ದೂ ಉಪ್ಪಿನದೇ ಬಣ್ಣ.

ಹೀಗೆ ನನಗೆ, ತೋಫು ಮಾರುವ ಫುಸಾಎಗೆ,
ಒಂದು ಮಾಪಕ ಸಿಕ್ಕಿತು. ಪೆನ್ನಿನಷ್ಟುದ್ದ,
ತುದಿಯಲ್ಲಿ ಎರಡು ಲೋಹದ ಹಲ್ಲು.
ಮನೆಮನೆಗೆ ಹೋಗಿ ಮಿಸೊ ಸಾರಿನಲ್ಲಿ ಅದ್ದಬೇಕು,
ಅಂಕಿಯನ್ನು ಗಟ್ಟಿಯಾಗಿ ಓದಬೇಕು.
ಒಬ್ಬಳ ಸಾರಿನ ಉಪ್ಪನ್ನು ಅವಳ ಅತ್ತೆಯ ಮುಂದೆ ಓದುವುದಿದೆಯಲ್ಲ,
ಅದಕ್ಕಿಂತ ಅವಳ ದಿನಚರಿ ಓದುವುದು ವಾಸಿ.
ಕೆಲವರು ನನಗಾಗಿಯೇ ಬೇರೆ ಸಾರು ಕಾಯಿಸಿಡುತ್ತಿದ್ದರು,
ಬರೀ ಬಿಸಿನೀರಿನಂಥದು.
ಅದ್ದಿ, ಶಹಬ್ಬಾಸ್ ಅಂದು,
ಹಿಂದಿನ ಒಲೆಯ ಮುಚ್ಚಿದ ಪಾತ್ರೆಯತ್ತ ನೋಡುತ್ತಿದ್ದೆ.

ಕಿಸಬುರೊ ಮಾತ್ರ ಬಾಗಿಲಲ್ಲೇ ತಡೆದ.
ಹಿಮ ಗೋರುವ ಗಾಡಿಯ ಡ್ರೈವರು, ವಯಸ್ಸು ಐವತ್ತೆಂಟು,
ಚೌಕಟ್ಟು ತುಂಬುವ ಆಳು.
ಹೋದ ಜನವರಿಯಲ್ಲಿ ಅವನ ಹೆಂಡತಿ ಶಿಗೆನೊ
ಹನ್ನೆರಡರಲ್ಲಿ ಏಳು ಹೆಜ್ಜೆ ನಡೆದಿದ್ದಳು.

"ಒಳಗಿರುವುದು ಅವಳು ತುಂಬಿಸಿಟ್ಟ ಪೀಪಾಯಿ.
ಅವಳೇ ಬೇಯಿಸಿದ ಕಾಳು, ಅವಳೇ ಮೆಟ್ಟಿ ಅರೆದದ್ದು,
ಮೇಲೆ ಹೇರಿದ ಕಲ್ಲು ಅವಳೇ ಹೊಳೆಯಲ್ಲಿ ಆರಿಸಿದ್ದು.
ಈಗ ನೀನು ಕಡ್ಡಿ ಅದ್ದಿ ಏನು ಹೇಳುತ್ತೀ?
ಅವಳ ಕೈರುಚಿಯೇ ಅವಳನ್ನು ಕೊಂದಿತು ಅಂತಲೇ?"

ನನ್ನ ಹತ್ತಿರ ಉತ್ತರವಿದ್ದುದು ಅಂಕಿಯಲ್ಲಿ.
ಅಂಕಿಗೆ ಆ ಹೊತ್ತು ಬಾಯಿ ಬರಲಿಲ್ಲ.
ಎರಡು ತುಂಡು ತೋಫು ಹೊಸ್ತಿಲಲ್ಲಿಟ್ಟು ಬಂದೆ.

ಮೂರನೆಯ ದಿನ ಅದರ ದುಡ್ಡು ಕೊಡಲು ಬಂದ.
ಕೊಟ್ಟ ಮೇಲೂ ಹೋಗಲಿಲ್ಲ. ಬೂಟಿನ ಹಿಮ ಕರಗಿ
ಅಂಗಡಿಯ ನೆಲದಲ್ಲಿ ಸಣ್ಣ ಕೆರೆಯಾಯಿತು.
"ಪೀಪಾಯಿ ಅರ್ಧಕ್ಕಿಳಿದಿದೆ" ಅಂದ.
"ಮುಂದಿನ ಹಿಮದ ಹೊತ್ತಿಗೆ ಮುಗಿದೀತು. ಆಮೇಲೆ ಪೊಟ್ಟಣದ್ದು."
ಪೊಟ್ಟಣ ಎಂಬ ಮಾತನ್ನು
ಮೀನಿನ ಮುಳ್ಳಿನಂತೆ ನಾಲಿಗೆಯಿಂದ ತೆಗೆದಿಟ್ಟ.

"ಬಟ್ಟಲಿಗೆ ಎಷ್ಟು ಹಾಕುತ್ತೀ?"
"ಗೋಪುರದ ಹಾಗೆ ಒಂದು ಚಮಚ."
"ಅರ್ಧ ಹಾಕು. ಮಿಕ್ಕ ಜಾಗಕ್ಕೆ ಮೂಲಂಗಿ, ಅಣಬೆ, ಹಿಡಿ ಸೊಪ್ಪು.
ಒಣಮೀನು ರಾತ್ರಿಯೇ ನೆನೆಹಾಕು, ನೀರಿಗೆ ಜೀವ ಬರುತ್ತದೆ.
ಅರ್ಧ ಹಾಕಿದರೆ
ಇನ್ನೂ ಒಂದು ವರ್ಷ ಇರುತ್ತಾಳೆ."

ಇರುತ್ತದೆ ಅನ್ನಬೇಕಿತ್ತು.
ಇರುತ್ತಾಳೆ ಅಂದೆ.

ಅವನು ತಿದ್ದಲಿಲ್ಲ. ಗಾಡಿ ಹತ್ತಿ ಹೋದ.
ಆ ರಾತ್ರಿ ನಮ್ಮ ಬೀದಿಯ ಹಿಮ
ಎರಡು ಸಲ ಗೋರಿದ ಸದ್ದು ಕೇಳಿತು.

ಫೆಬ್ರವರಿಯಲ್ಲಿ ತಾನಾಗಿ ಕರೆದ. ಅದ್ದಿದೆ.
ಸೊನ್ನೆ ದಶಾಂಶ ಒಂಬತ್ತು. ಅವನು ಅಂಕಿ ಕೇಳಲಿಲ್ಲ.
"ಇದು ಅವಳ ರುಚಿಯಲ್ಲ" ಅಂದ, ಬಟ್ಟಲು ಬರಿದುಮಾಡುತ್ತ.
"ಅವಳು ಪಕ್ಕದ ಕೋಣೆಯಲ್ಲಿ ಮಾತಾಡಿದ ಹಾಗಿದೆ.
ಉಸಿರು ಹಿಡಿದರೆ ಕೇಳುತ್ತದೆ."

ರಕ್ತದೊತ್ತಡಕ್ಕೆ ತೋಳು ಮಾತ್ರ ಇನ್ನೂ ಕೊಟ್ಟಿಲ್ಲ,
ಮುಂದಿನ ತಿಂಗಳು ಅನ್ನುತ್ತಾನೆ.
ಹೊರಡುವಾಗ ಹಿತ್ತಿಲು ಕಣ್ಣಿಗೆ ಬಿತ್ತು:
ಕಕ್ಕಸಿನವರೆಗೂ ದಪ್ಪ ಚಾಪೆ ಹಾಸಿದ್ದಾನೆ,
ಏಳನೆಯ ಹೆಜ್ಜೆಯಷ್ಟು
ಜಾಗ ಬಿಟ್ಟು.